ಅಡ್ಡಗೋಡೆ ಮೇಲಿನ ಹಳದಿ ದೀಪ

‘ಏನಿಲ್ಲ ಸಾರ್, ಸೆನ್ಸರ್ ಪ್ರಾಬ್ಲಮ್ಮು. ರೀಸೆಟ್ ಮಾಡಿದೀನಿ, ತಗೊಂಡ್ ಹೋಗಿ.’ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿನವರೆಗೆ ಈ ಮಾತು ಕೇಳದ ಕಾರು ಮಾಲೀಕರು ಕಡಿಮೆ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡಿರುತ್ತದೆ. ಮೆಕ್ಯಾನಿಕ್ ಸ್ಟೀರಿಂಗ್ ಕೆಳಗೆ ಕೈ ತೂರಿಸಿ ಸ್ಕ್ಯಾನರ್ ಸಿಕ್ಕಿಸುತ್ತಾನೆ, ಎರಡು ಬಟನ್ ಒತ್ತುತ್ತಾನೆ, ದೀಪ ಆರುತ್ತದೆ. ಕೇಳಿದಷ್ಟು ಕೊಟ್ಟು ಮಾಲೀಕ ನಿರಾಳವಾಗಿ ಮನೆಗೆ ಹೋಗುತ್ತಾನೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ದೀಪ ಮತ್ತೆ ಹಾಜರು. ಇಷ್ಟರ ನಡುವೆ ಕೆಟ್ಟಿದ್ದೇನು ಎಂದು ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ.

ವಿಚಿತ್ರವೆಂದರೆ, ಏನು ಕೆಟ್ಟಿದೆ ಎಂಬುದನ್ನು ಕಾರು ಆಗಲೇ ಬರೆದಿಟ್ಟಿರುತ್ತದೆ. ಯಾವ ಸಿಲಿಂಡರ್, ಯಾವ ಸೆನ್ಸರ್, ಆ ಹೊತ್ತಿನಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಾಗಿತ್ತು ಎಲ್ಲವೂ ಅದರ ಕಂಪ್ಯೂಟರಿನಲ್ಲಿ ದಾಖಲು. ಆದರೆ ಹಣ ಕೊಟ್ಟು ಕಾರು ಕೊಂಡವನಿಗೆ ಅದು ತೋರಿಸುವುದು ಒಂದು ಹಳದಿ ಚಿತ್ರ ಮಾತ್ರ. ಅಡ್ಡಗೋಡೆ ಮೇಲೆ ದೀಪ ಇಡುವುದು ಎಂದರೆ ಇದೇ. ವಿವರವೆಲ್ಲ ಸ್ಕ್ಯಾನರ್ ಇದ್ದವನ ಪಾಲಿಗೆ, ಆತಂಕ ಮತ್ತು ಬಿಲ್ಲು ಮಾಲೀಕನ ಪಾಲಿಗೆ. ಈ ಏರ್ಪಾಡು ಬದಲಾಗಬೇಕು. ದೀಪದ ಹಿಂದಿರುವ ಕೋಡ್ ಮಾಲೀಕನದು. ಅಳಿಸುವ ಮೊದಲು ಅದನ್ನು ಜಾಬ್ ಕಾರ್ಡಿನಲ್ಲಿ ಬರೆದುಕೊಡುವುದು ಗ್ಯಾರೇಜಿನ ಕರ್ತವ್ಯವಾಗಬೇಕು.

ದೀಪ ಹೊತ್ತಿದರೂ ‘ಗಾಡಿ ಚೆನ್ನಾಗೇ ಓಡ್ತಿದೆಯಲ್ಲ’ ಎಂದು ಬಹಳಷ್ಟು ಜನ ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಈ ದೀಪ ಹುಟ್ಟಿದ್ದೇ ಕಾರಿನ ಓಟದ ಸಲುವಾಗಿ ಅಲ್ಲ, ಹೊಗೆಯ ಸಲುವಾಗಿ. ಲಾಸ್ ಏಂಜಲೀಸ್ ನಗರದ ಮೇಲೆ ಕವಿಯುತ್ತಿದ್ದ, ಕಣ್ಣು ಉರಿಸುವ ಕಂದು ಮುಸುಕು ಬಿಸಿಲಿನಲ್ಲಿ ವಾಹನಗಳ ಹೊಗೆಯಿಂದ ಹುಟ್ಟುತ್ತದೆ ಎಂದು 1950ರ ದಶಕದಲ್ಲಿ ತೋರಿಸಿಕೊಟ್ಟವರು ಡಚ್ ಮೂಲದ ರಸಾಯನ ವಿಜ್ಞಾನಿ ಆರಿ ಹಾಗೆನ್-ಸ್ಮಿಟ್. 1967ರಲ್ಲಿ ರೂಪುಗೊಂಡ ಕ್ಯಾಲಿಫೋರ್ನಿಯಾದ ವಾಯು ಮಂಡಳಿಗೆ ಮುಂದೆ ಅವರೇ ಮೊದಲ ಅಧ್ಯಕ್ಷರಾದರು. ಹೊಸ ಕಾರು ಶುದ್ಧವಾಗಿದ್ದರೆ ಸಾಲದು, ಐದು ವರ್ಷ ಓಡಿದ ಮೇಲೂ ಹಾಗೇ ಇರಬೇಕು, ಇಲ್ಲದಿದ್ದರೆ ಕಾರೇ ತನ್ನ ಮೇಲೆ ತಾನು ದೂರು ಕೊಡಬೇಕು ಎಂಬ ಆಲೋಚನೆ ಬೆಳೆದದ್ದು ಆ ಮಂಡಳಿಯಲ್ಲಿ. 1988ರ ಮಾದರಿಯ ಕಾರುಗಳಿಂದ ಕ್ಯಾಲಿಫೋರ್ನಿಯಾ ಇದನ್ನು ಕಡ್ಡಾಯ ಮಾಡಿತು. 1996ರ ಹೊತ್ತಿಗೆ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಒಂದೇ ಬಗೆಯ ವ್ಯವಸ್ಥೆ ಬಂತು: ಚಾಲಕನ ಮೊಣಕಾಲಿನ ಹತ್ತಿರ ಹದಿನಾರು ಪಿನ್ನಿನ ಒಂದು ಸಾಕೆಟ್, ಎಲ್ಲ ಕಂಪನಿಗೂ ಅರ್ಥವಾಗುವ ಒಂದೇ ಕೋಡ್ ಭಾಷೆ. ಇದೇ ಒಬಿಡಿ-2. ಭಾರತಕ್ಕೆ ಇದರ ಮೊದಲ ಹಂತ 2010ರ ಏಪ್ರಿಲ್‌ನಲ್ಲಿ, ಎರಡನೆಯದು 2013ರ ಏಪ್ರಿಲ್‌ನಲ್ಲಿ ಬಂತು. ಅಂದರೆ ಇವತ್ತು ನಮ್ಮ ರಸ್ತೆಗಳಲ್ಲಿ ಓಡುತ್ತಿರುವ ಬಹುಪಾಲು ಕಾರುಗಳಲ್ಲಿ ಆ ಸಾಕೆಟ್ ಇದೆ. ತಮ್ಮ ಕಾರಿನಲ್ಲಿ ಅದು ಎಲ್ಲಿದೆ ಎಂದು ಬಗ್ಗಿ ನೋಡಿದ ಮಾಲೀಕರು ಎಷ್ಟು ಮಂದಿಯೋ!

ದೀಪ ಸುಮ್ಮಸುಮ್ಮನೆ ಹೊತ್ತುವುದಿಲ್ಲ ಎಂಬುದನ್ನೂ ಹೇಳಬೇಕು. ಎಷ್ಟೋ ದೋಷಗಳನ್ನು ಕಾರಿನ ಕಂಪ್ಯೂಟರ್ ಮೊದಲ ಸಲ ಕಂಡಾಗ ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತದೆ. ಮುಂದಿನ ಓಡಾಟದಲ್ಲೂ ಅದೇ ಕಂಡರೆ ಮಾತ್ರ ದೀಪ ಹಚ್ಚುತ್ತದೆ. ಸತತ ಮೂರು ಓಡಾಟಗಳಲ್ಲಿ ದೋಷ ಕಾಣದಿದ್ದರೆ ದೀಪವನ್ನು ತಾನೇ ಆರಿಸುತ್ತದೆ. ಕೋಡನ್ನು ಮಾತ್ರ ಇನ್ನೂ ಹಲವು ದಿನ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ದೀಪ ತಾನಾಗಿ ಆರಿತೆಂದು ದೇವರಿಗೆ ಕೈಮುಗಿದು ಸುಮ್ಮನಾದವರ ಕಾರಿನಲ್ಲೂ ಆ ದಾಖಲೆ ಸ್ಕ್ಯಾನರ್‌ಗಾಗಿ ಕಾದು ಕೂತಿರುತ್ತದೆ.

ಹಾಗಾದರೆ ದೀಪ ಕಂಡಾಕ್ಷಣ ರಸ್ತೆ ಬದಿಗೆ ನಿಲ್ಲಿಸಬೇಕೆ? ಕೆಂಪು ಮತ್ತು ಹಳದಿಯ ವ್ಯತ್ಯಾಸ ಇಲ್ಲಿ ಮುಖ್ಯ. ಆಯಿಲ್ ಕ್ಯಾನಿನ ಚಿತ್ರ ಕೆಂಪಾಗಿ ಹೊತ್ತಿದರೆ ಎಂಜಿನ್ನಿಗೆ ಆಯಿಲ್ ಒತ್ತಡ ಸಿಗುತ್ತಿಲ್ಲ ಎಂದರ್ಥ. ಮುಂದಿನ ಪೆಟ್ರೋಲ್ ಬಂಕಿನ ತನಕ ಹೋಗೋಣ ಅನ್ನುವುದೂ ಬೇಡ, ಅಲ್ಲೇ ಆಫ್ ಮಾಡಬೇಕು. ಎಂಜಿನ್ ಕಾವೇರಿದ ಕೆಂಪು ದೀಪಕ್ಕೂ ಅದೇ ಮಾತು. ರೇಡಿಯೇಟರ್ ಮುಚ್ಚಳವನ್ನು ಬಿಸಿಯಲ್ಲಿ ಬಿಚ್ಚಲು ಹೋಗಿ ಮುಖ ಸುಟ್ಟುಕೊಳ್ಳಬಾರದು ಅಷ್ಟೆ. ಹಳದಿ ಎಂಜಿನ್ ದೀಪ ಒಂದೇ ಸಮನೆ ಉರಿಯುತ್ತಿದ್ದು, ಕಾರಿನ ಸದ್ದು, ಪಿಕಪ್ಪು, ವಾಸನೆ ಎಲ್ಲ ಎಂದಿನಂತಿದ್ದರೆ ಗಾಬರಿ ಬೇಡ. ಸಾವಧಾನವಾಗಿ ಊರು ಸೇರಿ ಎರಡು ಮೂರು ದಿನದೊಳಗೆ ಸ್ಕ್ಯಾನ್ ಮಾಡಿಸಿದರಾಯಿತು.

ಆದರೆ ಅದೇ ಹಳದಿ ದೀಪ ಮಿನುಗತೊಡಗಿದರೆ ಕಥೆ ಬೇರೆ. ಎಂಜಿನ್ ಮಿಸ್ ಹೊಡೆಯುತ್ತಿದೆ, ಅಂದರೆ ಒಂದು ಸಿಲಿಂಡರಿನಲ್ಲಿ ಕಿಡಿ ಹತ್ತದೆ ಪೆಟ್ರೋಲು ಹಸಿಯಾಗಿಯೇ ಸೈಲೆನ್ಸರ್ ಕಡೆಗೆ ಹರಿಯುತ್ತಿದೆ. ದಾರಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೇಪಿಸಿದ, ಜೇನುಗೂಡಿನಂಥ ಪಿಂಗಾಣಿ ಅದು. ಸುಡದ ಪೆಟ್ರೋಲು ಅಲ್ಲಿ ಹತ್ತಿಕೊಂಡರೆ ಅದರ ಕಾವು ಸಾವಿರ ಡಿಗ್ರಿ ಸೆಲ್ಸಿಯಸ್ ಮೀರಿ ಒಳಗಿನ ಗೂಡೇ ಕರಗುತ್ತದೆ. ಒಂದು ಪ್ಲಗ್ಗಿನಲ್ಲಿ ಮುಗಿಯಬೇಕಿದ್ದ ಖರ್ಚು ಹತ್ತಾರು ಸಾವಿರಕ್ಕೆ ಏರುವುದು ಹೀಗೆ. ಶಿರಾಡಿ ಘಾಟಿ ಹತ್ತುವಾಗ ದೀಪ ಮಿನುಗಿದರೆ ಆಕ್ಸಿಲರೇಟರ್ ಸಡಿಲಿಸಿ, ಜಾಗ ನೋಡಿ ನಿಲ್ಲಿಸುವುದೇ ಸರಿ. ‘ಇನ್ನೇನು ಸಕಲೇಶಪುರ ಬಂತಲ್ಲ’ ಎಂಬ ಹಟ ದುಬಾರಿ.

ಇನ್ನು ಕೋಡಿನ ವಿಚಾರ. ಸ್ಕ್ಯಾನರ್ ಹೇಳಿದ್ದೇ ವೇದವಾಕ್ಯ ಎಂದು ನಂಬುವವರು ಒಂದು ಕಡೆ, ಸ್ಕ್ಯಾನರೇ ಮೋಸ ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಎಡವಿದ್ದಾರೆ. ಪಿ0301 ಎಂದರೆ ಮೊದಲ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಎಂದಷ್ಟೇ ಅರ್ಥ. ತಪ್ಪು ಪ್ಲಗ್ಗಿನದೋ, ಕಾಯಿಲಿನದೋ, ಇಂಜೆಕ್ಟರಿನದೋ ಎಂದು ಅದು ಹೇಳುವುದಿಲ್ಲ. ಸಿಲಿಂಡರಿಗೊಂದು ಕಾಯಿಲ್ ಇರುವ ಕಾರಿನಲ್ಲಿ ಕಸುಬು ಬಲ್ಲ ಮೆಕ್ಯಾನಿಕ್ ಹೊಸ ಭಾಗ ತರಿಸುವ ಮೊದಲು ಮಾಡುವ ಕೆಲಸ ಸರಳವಾಗಿದೆ. ಮೊದಲ ಸಿಲಿಂಡರಿನ ಕಾಯಿಲನ್ನು ಬಿಚ್ಚಿ ಎರಡನೆಯದಕ್ಕೆ ಹಾಕುತ್ತಾನೆ, ಎರಡನೆಯದರದ್ದನ್ನು ಮೊದಲನೆಯದಕ್ಕೆ. ಕೋಡ್ ಅಳಿಸಿ ಒಂದು ಸುತ್ತು ಓಡಿಸಿ ಬರುತ್ತಾನೆ. ಈಗ ಪಿ0302 ಬಂದರೆ ದೋಷ ಕಾಯಿಲಿನ ಜೊತೆಗೇ ಜಾಗ ಬದಲಿಸಿತು ಎಂದಾಯಿತು, ಕಳ್ಳ ಸಿಕ್ಕಿಬಿದ್ದ. ಪಿ0301 ಅಲ್ಲೇ ಉಳಿದರೆ ಪ್ಲಗ್ಗು ಅದಲುಬದಲು ಮಾಡಿ ನೋಡುತ್ತಾನೆ, ಆಮೇಲೆ ಇಂಜೆಕ್ಟರ್ ಕಡೆ ತಿರುಗುತ್ತಾನೆ. ಇದಕ್ಕೆ ಬೇಕಾದದ್ದು ಒಂದು ಸ್ಪ್ಯಾನರ್, ಅರ್ಧ ತಾಸು, ಸ್ವಲ್ಪ ತಾಳ್ಮೆ. ಮೂರನ್ನೂ ಉಳಿಸಲು ಹೋಗಿ ನಾಲ್ಕೂ ಕಾಯಿಲ್, ನಾಲ್ಕೂ ಪ್ಲಗ್ ಒಟ್ಟಿಗೆ ಬದಲಾಯಿಸಿ ಬಿಲ್ ಬರೆಯುವ ಸರ್ವೀಸ್ ಸೆಂಟರ್‌ಗಳಿಗೆ ಬರವಿಲ್ಲ.

ಪಿ0171 ಇನ್ನೂ ತಮಾಷೆಯದು. ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಯಿತು ಎಂಬುದು ಅದರ ದೂರು. ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ, ತೂಕದ ಲೆಕ್ಕದಲ್ಲಿ, ಇದು ಸರಿಯಾದ ಹದ. ಆ ಹದ ತಪ್ಪಿದೆ ಎಂದು ಕಂಡುಹಿಡಿದು ತಿಳಿಸಿದ್ದು ಆಕ್ಸಿಜನ್ ಸೆನ್ಸರ್. ‘ಸೆನ್ಸರ್ ಹೋಗಿದೆ’ ಎಂದು ಗ್ಯಾರೇಜು ಅದನ್ನೇ ಕಿತ್ತು ಬದಲಾಯಿಸುತ್ತದೆ. ಸುದ್ದಿ ತಂದವನ ತಲೆದಂಡ! ನಿಜವಾದ ಕಾರಣ ಎಷ್ಟೋ ಸಲ ಬಿರುಕು ಬಿಟ್ಟ ಒಂದು ರಬ್ಬರ್ ಪೈಪು, ಇಲ್ಲವೇ ಧೂಳು ಹಿಡಿದ ಏರ್‌ಫ್ಲೋ ಸೆನ್ಸರ್.

ಅಂತರ್ಜಾಲದಲ್ಲಿ ಸಿಗುವ ಸಲಹೆಗಳ ಬಗ್ಗೆಯೂ ಒಂದು ಮಾತು. ‘ದೀಪ ಬಂದರೆ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ’ ಎಂದು ಅಮೆರಿಕದ ವಿಡಿಯೊಗಳೆಲ್ಲ ಹೇಳುತ್ತವೆ. ಅಲ್ಲಿನ ಕಾರುಗಳು ಟ್ಯಾಂಕಿನಿಂದ ಪೆಟ್ರೋಲ್ ಆವಿ ಸೋರುತ್ತಿದೆಯೇ ಎಂದು ತಾವೇ ಪರೀಕ್ಷಿಸಿಕೊಳ್ಳುತ್ತವೆ, ಸಡಿಲ ಮುಚ್ಚಳವೂ ಅಲ್ಲಿ ದೋಷವೇ. ನಮ್ಮ ನಿಯಮಗಳು ನಡೆದದ್ದು ಯುರೋಪಿನ ದಾರಿಯಲ್ಲಿ, ಆ ದಾರಿಯಲ್ಲಿ ಸೋರಿಕೆ ಪರೀಕ್ಷೆ ಕಡ್ಡಾಯವಾಗಿರಲಿಲ್ಲ. ಮುಚ್ಚಳ ಬಿಗಿ ಮಾಡಿದರೆ ನಷ್ಟವೇನಿಲ್ಲ, ದೀಪ ಆರುತ್ತದೆಂಬ ಭರವಸೆ ಬೇಡ. ಅದೇ ಅಮೆರಿಕದಲ್ಲಿ ಕಾರು ರಿಪೇರಿಯ ರೇಡಿಯೊ ಕಾರ್ಯಕ್ರಮದಿಂದ ಮನೆಮಾತಾದ ಟಾಮ್ ಮತ್ತು ರೇ ಮಗ್ಲಿಯೋಜಿ ಸಹೋದರರು ದೀಪದ ಮೇಲೆ ಕರಿ ಟೇಪ್ ಅಂಟಿಸಿಬಿಡಿ ಎಂದು ನಗಿಸುತ್ತಿದ್ದರು. ನಮ್ಮಲ್ಲಿ ಅದನ್ನು ತಮಾಷೆ ಎಂದುಕೊಳ್ಳದವರೂ ಇದ್ದಾರೆ.

ನಮ್ಮ ಕಾರಣಗಳು ನಮ್ಮವೇ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ವಾರಗಟ್ಟಲೆ ನಿಂತ ಕಾರಿನ ವೈರು ಕಡಿಯುವ ಇಲಿ ಅವುಗಳಲ್ಲಿ ಒಂದು. ಬಾನೆಟ್ ಕೆಳಗೆ ಹೊಗೆಸೊಪ್ಪಿನ ಕಟ್ಟು ತೂಗುಹಾಕುವವರಿದ್ದಾರೆ. ಇಲಿ ಹೆದರುತ್ತದೋ ಇಲ್ಲವೋ, ಕಾರಿನೊಳಗೆಲ್ಲ ವಾಸನೆಯಂತೂ ಖಂಡಿತ. ಮಳೆಗಾಲದಲ್ಲಿ ನೀರು ನುಗ್ಗಿ ಸಾಕೆಟ್‌ಗಳಲ್ಲಿ ಹಸಿರು ತುಕ್ಕು ಕೂರುವುದು ಇನ್ನೊಂದು. ಬಿಎಸ್-6 ಡೀಸೆಲ್ ಕಾರುಗಳದ್ದು ಬೇರೆಯೇ ಪಾಡು. ಅವುಗಳ ಹೊಗೆ ಸೋಸುವ ಫಿಲ್ಟರಿನಲ್ಲಿ ಕೂತ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಕಾವು ಬೇಕು, ಆ ಕಾವು ಬರಬೇಕಾದರೆ ಕಾರು ಒಂದಿಷ್ಟು ಹೊತ್ತು ಒಂದೇ ಹದದ ವೇಗದಲ್ಲಿ ಓಡಬೇಕು. ಮನೆಯಿಂದ ಸಿಲ್ಕ್ ಬೋರ್ಡ್, ಸಿಲ್ಕ್ ಬೋರ್ಡಿನಿಂದ ಮನೆ ಎಂದು ತೆವಳುವ ಕಾರಿಗೆ ಆ ಭಾಗ್ಯವಿಲ್ಲ. ಮೊದಲು ಫಿಲ್ಟರಿನ ದೀಪ, ಅದನ್ನು ಅಲಕ್ಷಿಸಿದರೆ ಎಂಜಿನ್ ದೀಪ, ಅದನ್ನೂ ಅಲಕ್ಷಿಸಿದರೆ ಪಿಕಪ್ಪೇ ಇಲ್ಲದ ಕಾರು. ಆರಂಭದಲ್ಲೇ ಎಚ್ಚೆತ್ತು ತುಮಕೂರು ರಸ್ತೆಯಲ್ಲಿ ಒಂದು ಸುತ್ತು ಹೋಗಿಬಂದಿದ್ದರೆ ತಪ್ಪುತ್ತಿದ್ದ ಖರ್ಚು ಅದು. ಕಾರು ಮಾರುವಾಗ ಇದನ್ನು ಬಾಯಿಬಿಟ್ಟು ಹೇಳುವ ಶೋರೂಂಗಳು ಅಪರೂಪ.

ಇ20 ಪೆಟ್ರೋಲಿನ ಜಗಳವನ್ನು ಇದೇ ಬೆಳಕಿನಲ್ಲಿ ನೋಡಬಹುದು. ಶೇ 20ರಷ್ಟು ಎಥೆನಾಲ್ ಬೆರೆತ ಈ ಇಂಧನ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಧನ ಸಪ್ತಾಹದಲ್ಲೇ ಬಿಡುಗಡೆಯಾಯಿತು. ಎಥೆನಾಲ್‌ನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕಾಗುತ್ತದೆ. ಕಾರಿನ ಕಂಪ್ಯೂಟರ್ ಒಂದು ಮಿತಿಯವರೆಗೆ ಹೊಂದಿಸಿಕೊಳ್ಳುತ್ತದೆ. ಹಳೆಯ ಕಾರು, ಜೊತೆಗೆ ಎಲ್ಲೋ ಸಣ್ಣ ಗಾಳಿ ಸೋರಿಕೆ ಎಂದಾದರೆ ಆ ಮಿತಿ ದಾಟಿ ಮೇಲೆ ಹೇಳಿದ ಪಿ0171 ಬರಬಹುದು. ಹಾಗೆ ಬರುತ್ತಿರುವ ಕಾರುಗಳು ಎಷ್ಟು, ಯಾವ ವರ್ಷದವು? ವಾಟ್ಸ್ಆ್ಯಪ್‌ನಲ್ಲಿ ಒಬ್ಬರು ಎಂಜಿನ್ನೇ ಹಾಳಾಯಿತು ಅನ್ನುತ್ತಾರೆ, ಇನ್ನೊಬ್ಬರು ಏನೂ ಆಗಿಲ್ಲ ಅನ್ನುತ್ತಾರೆ. ದೇಶದ ಗ್ಯಾರೇಜುಗಳೆಲ್ಲ ಕೋಡನ್ನು ಅಳಿಸುವ ಮೊದಲು ಜಾಬ್ ಕಾರ್ಡಿನಲ್ಲಿ ಬರೆಯುತ್ತಿದ್ದರೆ ಈ ವಾದಕ್ಕೆ ಇಷ್ಟು ಹೊತ್ತಿಗೆ ಉತ್ತರ ಸಿಕ್ಕಿರುತ್ತಿತ್ತು. ಪುರಾವೆಯನ್ನು ದಿನಾ ಬೆಳಿಗ್ಗೆ ಅಳಿಸಿ, ಸಂಜೆ ಪುರಾವೆ ಎಲ್ಲಿ ಎಂದು ಕೇಳುತ್ತಿದ್ದೇವೆ.

ಕಂಪನಿಗಳು ಈ ಮಾಹಿತಿಯನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಶಂಶೇರ್ ಕಟಾರಿಯಾ ಎಂಬವರು 2011ರಲ್ಲಿ ಕೊಟ್ಟ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ ತನಿಖೆ ನಡೆಸಿ, 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ₹2,544.65 ಕೋಟಿ ದಂಡ ಹಾಕಿತ್ತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಸಾಧನಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಟ್ಟಿಹಾಕಿದ್ದು ಅವುಗಳ ಮೇಲಿದ್ದ ಆರೋಪ. ಕಂಪನಿಗಳು ಮೇಲಿನ ನ್ಯಾಯಪೀಠಗಳ ಮೆಟ್ಟಿಲು ಹತ್ತಿದವು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರಿಪೇರಿ ಹಕ್ಕು’ ಕುರಿತು ಸಮಿತಿ ಮಾಡಿ, ಅದೇ ವರ್ಷದ ಕೊನೆಗೆ ಜಾಲತಾಣವನ್ನೂ ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಜಾಲತಾಣ ತೆರೆದ ಮಾತ್ರಕ್ಕೆ ಜಾಬ್ ಕಾರ್ಡಿನಲ್ಲಿ ಕೋಡ್ ಮೂಡುವುದಿಲ್ಲ.

ಕಾರಿನ ಸಾಕ್ಷ್ಯವನ್ನು ಕಣ್ಣುಮುಚ್ಚಿ ನಂಬಬಹುದೇ ಎಂಬ ಪ್ರಶ್ನೆಯೂ ಇದೆ. ಇದಕ್ಕೆ ಉತ್ತರ ಹೇಳಬಲ್ಲವರಲ್ಲಿ ಒಬ್ಬರು ಬೆಂಗಳೂರಿನವರು. ಹೇಮಂತ್ ಕಪ್ಪಣ್ಣ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ, ಅರವಿಂದ್ ತಿರುವೆಂಗಡಂ ಮತ್ತು ಮಾರ್ಕ್ ಬೆಶ್ ಜೊತೆ ಸೇರಿ ಡೀಸೆಲ್ ಕಾರುಗಳ ಹಿಂಬದಿಗೆ ಅಳತೆಯ ಯಂತ್ರ ಕಟ್ಟಿಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿದರು. ಅದು 2013. ಪ್ರಯೋಗಾಲಯದಲ್ಲಿ ಸಾಧುವಾಗಿದ್ದ ಫೋಕ್ಸ್‌ವ್ಯಾಗನ್ ಜೆಟ್ಟಾ ರಸ್ತೆಯಲ್ಲಿ ಮಿತಿಯ 15ರಿಂದ 35 ಪಟ್ಟು ನೈಟ್ರೋಜನ್ ಆಕ್ಸೈಡ್ ಕಾರುತ್ತಿತ್ತು. ಕಂಪನಿ ಸಾಫ್ಟ್‌ವೇರಿನಲ್ಲೇ ಮೋಸ ಹೂಡಿದೆ ಎಂದು ಅಮೆರಿಕದ ಪರಿಸರ ಸಂಸ್ಥೆ ಬಹಿರಂಗಪಡಿಸಿದ್ದು 2015ರ ಸೆಪ್ಟೆಂಬರ್ 18ರಂದು. ಅಷ್ಟೂ ವರ್ಷ ಆ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಈ ಹೊಗೆಯ ಬಗ್ಗೆ ಹಳದಿ ದೀಪ ತುಟಿ ಬಿಚ್ಚಿರಲಿಲ್ಲ. ಸಾಕ್ಷಿಯನ್ನು ಕಂಪನಿಯೊಂದರ ಕೈಯಲ್ಲೇ ಬಿಟ್ಟರೆ ಹೀಗೂ ಆಗುತ್ತದೆ. ಕೋಡ್ ಹೊರಗೆ ಬರಬೇಕು, ಹೊರಗಿನವರೂ ಅಳೆಯಬೇಕು, ಎರಡೂ ಬೇಕು.

ನಮ್ಮಲ್ಲಿ ಹೊರಗಿನವರ ಅಳತೆ ಎಂದರೆ ಎಮಿಷನ್ ಟೆಸ್ಟ್. ರಸ್ತೆ ಬದಿಯ ಕೇಂದ್ರದಲ್ಲಿ ಸೈಲೆನ್ಸರಿಗೆ ಕೊಳವೆ ತೂರಿಸಿ, ನಂಬರ್ ಪ್ಲೇಟಿನ ಫೋಟೊ ಹೊಡೆದು ಪತ್ರ ಕೊಡುತ್ತಾರೆ. ಪತ್ರವಿಲ್ಲದೆ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ ದಂಡ ₹10,000ದವರೆಗೆ. ನಿಂತ ಪೆಟ್ರೋಲ್ ಕಾರಿನ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್‌ಗಳನ್ನು ಆ ಯಂತ್ರ ಅಳೆಯುತ್ತದೆ. ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದ ನೈಟ್ರೋಜನ್ ಆಕ್ಸೈಡ್ ಅದರ ಲೆಕ್ಕಕ್ಕೇ ಇಲ್ಲ. ಕಾರಿನ ಒಳಗೆ ಕೂತ ಕಂಪ್ಯೂಟರ್ ದಿನವಿಡೀ ನೋಡಿದ್ದನ್ನು ಬಿಟ್ಟು ಐದು ನಿಮಿಷದ ಈ ಮೂಸುವಿಕೆಯನ್ನು ನಂಬುವುದರಲ್ಲಿ ಅರ್ಥವಿಲ್ಲ. ಕ್ಯಾಲಿಫೋರ್ನಿಯಾ 2015ರಿಂದ, 2000ನೇ ಮಾದರಿಯಿಂದೀಚಿನ ಬಹುಪಾಲು ಪೆಟ್ರೋಲ್ ಕಾರುಗಳಿಗೆ ಕೊಳವೆ ಪರೀಕ್ಷೆಯನ್ನೇ ಕೈಬಿಟ್ಟು ನೇರವಾಗಿ ಆ ಹದಿನಾರು ಪಿನ್ನಿನ ಸಾಕೆಟ್ಟಿಗೆ ಕೈ ಹಾಕುತ್ತದೆ. ದೀಪ ಹೊತ್ತಿದ್ದರೆ ಕಾರು ಫೇಲ್. ಹಿಂದಿನ ದಿನವಷ್ಟೇ ಕೋಡ್ ಅಳಿಸಿಕೊಂಡು ಬಂದವರೂ ಫೇಲ್, ಯಾಕೆಂದರೆ ಅಳಿಸಿದ ಮೇಲೆ ಕಾರಿನ ಸ್ವಪರೀಕ್ಷೆಗಳೆಲ್ಲ ‘ಇನ್ನೂ ಮುಗಿದಿಲ್ಲ’ ಎಂದು ತೋರಿಸುತ್ತಿರುತ್ತವೆ. ಬ್ರಿಟನ್ನಿನ ವಾರ್ಷಿಕ ತಪಾಸಣೆಯಲ್ಲೂ 2018ರ ಮೇ ತಿಂಗಳಿಂದ ಈ ದೀಪ ಉರಿಯುತ್ತಿರುವುದು ದೊಡ್ಡ ದೋಷಗಳ ಸಾಲಿಗೆ ಸೇರಿದೆ. ಕರ್ನಾಟಕದ ಸಾರಿಗೆ ಇಲಾಖೆ ಎಮಿಷನ್ ಕೇಂದ್ರಗಳಲ್ಲಿ ಒಂದು ಸ್ಕ್ಯಾನರ್ ಇರಿಸಿ, ಕೋಡ್ ಇದ್ದರೆ ಪತ್ರದ ಮೇಲೆ ಅದನ್ನೂ ಅಚ್ಚು ಮಾಡಿಸಿ ಮಾಲೀಕರ ಕೈಗೆ ಕೊಡಿಸಲಿ. ಮೊದಲ ಎರಡು ವರ್ಷ ದಂಡ ಬೇಡ, ಮಾಹಿತಿ ಸಾಕು. ರಿಪೇರಿಗೆ ಹಣವಿಲ್ಲದ ಟ್ಯಾಕ್ಸಿ ಚಾಲಕನನ್ನು ಒಂದೇ ಏಟಿಗೆ ರಸ್ತೆಯಿಂದ ಇಳಿಸುವ ನಿಯಮ ನಮ್ಮಲ್ಲಿ ಲಂಚದ ಹೊಸ ಬಾಗಿಲಾದೀತು.

ಸರ್ಕಾರ ಏಳುವ ತನಕ ಕಾಯಬೇಕಿಲ್ಲ. ಮೊಬೈಲಿಗೆ ಬ್ಲೂಟೂತ್ ಮೂಲಕ ಕೋಡ್ ಕಳಿಸುವ ಬೆಂಕಿಪೊಟ್ಟಣ ಗಾತ್ರದ ಸಾಧನ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೇ ಸಿಗುತ್ತದೆ. ಅದು ಮೆಕ್ಯಾನಿಕ್ಕಿನ ಕೆಲಸ ಮಾಡುವುದಿಲ್ಲ, ಆದರೆ ಮೆಕ್ಯಾನಿಕ್ಕಿನ ಹತ್ತಿರ ಹೋಗುವ ಮೊದಲೇ ಕೋಡಿನ ಫೋಟೊ ಮಾಲೀಕನ ಕೈಯಲ್ಲಿರುತ್ತದೆ. ಆಗ ‘ಸೆನ್ಸರ್ ಪ್ರಾಬ್ಲಮ್ಮು’ ಎಂದು ತೇಲಿಸಿಬಿಡುವುದು ಅಷ್ಟು ಸಲೀಸಲ್ಲ. ಬ್ಯಾಟರಿ ಟರ್ಮಿನಲ್ ಬಿಚ್ಚಿ ದೀಪ ಆರಿಸುವ ಹಳೇ ಉಪಾಯ ಮಾತ್ರ ಬೇಡವೇ ಬೇಡ. ಎಷ್ಟೋ ಕಾರುಗಳಲ್ಲಿ ಕೋಡೂ ಹೋಗುತ್ತದೆ, ದೋಷ ಕಂಡ ಗಳಿಗೆಯ ವಿವರವೂ ಹೋಗುತ್ತದೆ, ರೋಗ ಅಲ್ಲೇ ಉಳಿಯುತ್ತದೆ.

ದೀಪ ಹೊತ್ತದಂತೆಯೇ ಮಾಡಿಬಿಡುವ ಕೈಚಳಕವೂ ಉಂಟು, ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಅದನ್ನು ಹಿಡಿಯಲು ಒಂದು ದಾರಿ ಇದೆ. ಕೀಲಿ ತಿರುಗಿಸಿ, ಎಂಜಿನ್ ಚಾಲೂ ಮಾಡದೆ ಡ್ಯಾಶ್‌ಬೋರ್ಡ್ ನೋಡಬೇಕು. ಹಳದಿ ಎಂಜಿನ್ ದೀಪ ಆಗ ಹೊತ್ತಲೇಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಕೀಲಿ ತಿರುಗಿಸಿದಾಗಲೂ ಅದು ಹೊತ್ತದಿದ್ದರೆ ಯಾರೋ ದೀಪದ ಬಾಯಿಯನ್ನೇ ಮುಚ್ಚಿರುವ ಸಾಧ್ಯತೆ ಉಂಟು. ಪಾಲಿಶ್ ಹೊಳಪಿಗೆ ಮರುಳಾಗುವ ಮೊದಲು ಮಾರುವವನನ್ನು ಕೇಳಬೇಕಾದ ಪ್ರಶ್ನೆ ಅದು.

ಈ ಮಾತು ಕಾರಿಗಷ್ಟೇ ಮುಗಿಯುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಬೈಕು, ಸ್ಕೂಟರುಗಳಲ್ಲೂ ಇದೇ ಹಳದಿ ದೀಪ ಕೂತಿದೆ, 2023ರಿಂದೀಚೆಗೆ ಅವುಗಳ ನಿಯಮ ಇನ್ನಷ್ಟು ಬಿಗಿಯಾಗಿದೆ. ಕಾರ್ಬುರೇಟರ್ ಬಿಚ್ಚಿ ಊದಿ, ಪ್ಲಗ್ಗು ಉಜ್ಜಿ ಮೂವತ್ತು ವರ್ಷ ಬದುಕು ಕಟ್ಟಿಕೊಂಡ ಹಳ್ಳಿಯ ಮೆಕ್ಯಾನಿಕ್ಕಿನ ಮುಂದೆ ಈಗ ಸ್ಕ್ಯಾನರ್ ಇಲ್ಲದೆ ಬಾಯಿಬಿಡದ ಬೈಕು ನಿಂತಿದೆ. ಅವನಿಗೆ ಆ ಸಾಧನ ಯಾವ ಬೆಲೆಗೆ, ಯಾವ ಭಾಷೆಯಲ್ಲಿ, ಯಾರ ತರಬೇತಿಯೊಂದಿಗೆ ಸಿಗುತ್ತದೆ ಎಂಬುದನ್ನು ಕಾರ್ಖಾನೆಗಳೂ ಇಲಾಖೆಯೂ ಇನ್ನೂ ಹೇಳಬೇಕಿದೆ.